ಎರಡು ಸುಳಿ, ಗುರುತಿಗೆ ಮಾತ್ರ

ನನ್ನ ತಲೆ ಬಾಚಲು ಈಗ ಬಾಚಣಿಗೆಗಿಂತ ಹೆಚ್ಚಾಗಿ ಜ್ಞಾಪಕಶಕ್ತಿ ಬೇಕು. ಎಲ್ಲೆಲ್ಲಿ ಕೂದಲಿತ್ತೆಂದು ನೆನೆದುಕೊಂಡು ಅಲ್ಲಲ್ಲಿ ಕೈಯಾಡಿಸಿದರೆ ಕೆಲಸ ಮುಗಿಯಿತು. ಆದರೂ ಭಾನುವಾರ ಬಂತೆಂದರೆ ಮೊಮ್ಮಗಳು ಹರಳೆಣ್ಣೆಯ ಬಟ್ಟಲು ಹಿಡಿದು ನನ್ನ ಹಿಂದೆ ಕೂರುತ್ತಾಳೆ, ಇಲ್ಲದ ಬೆಳೆಗೆ ನೀರು ಹಾಯಿಸುವವರ ಶ್ರದ್ಧೆಯಿಂದ ಎಣ್ಣೆ ಹಚ್ಚುತ್ತಾಳೆ. ಹೋದ ಭಾನುವಾರ ಹಾಗೆ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ, "ಅಜ್ಜಿ, ಅಲ್ಲಾಡ್ಬೇಡ. ನಿಂಗೆ ಮೂರು ಸುಳಿ ಇದೆ" ಅಂದಳು. ಎರಡು ಕಣೇ, ಸರಿಯಾಗಿ ನೋಡು ಅಂದೆ. "ನೆತ್ತಿ ಮೇಲೆ ಎರಡು. ಇಲ್ಲಿ ಕತ್ತಿನ ಹತ್ರ ಇನ್ನೊಂದು" ಎಂದು ಮೊಬೈಲಿನಲ್ಲಿ ಫೋಟೋ ತೆಗೆದು ನನ್ನ ಮೂಗಿನ ಮುಂದೆ ಹಿಡಿದಳು. ನೋಡಿದೆ. ಮೂರೇ. ಎಂಬತ್ತೆರಡು ವರ್ಷ ಹೊತ್ತು ತಿರುಗಿದ ತಲೆಯ ವಿಷಯದಲ್ಲಿ ನನಗೆ ಇಷ್ಟೊಂದು ಅಜ್ಞಾನವಿತ್ತೆಂದು ತಿಳಿದು ಒಂದು ಗಳಿಗೆ ನಾಚಿಕೆಯೇ ಆಯಿತು.

ಮೂರೋ ಎರಡೋ, ಅದರಲ್ಲೇನಿದೆ ಎಂದು ನೀವು ಕೇಳಬಹುದು. ನೀವು ನಮ್ಮ ಕಡೆಯವರಾಗಿದ್ದರೆ ಕೇಳುತ್ತಿರಲಿಲ್ಲ. ತಲೆಯಲ್ಲಿ ಎಷ್ಟು ಸುಳಿಯೋ ಅಷ್ಟು ಮದುವೆ ಎಂಬುದು ನಮ್ಮ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಸರ್ವಸಮ್ಮತ ಶಾಸ್ತ್ರ. ಗಂಡಸಿನ ತಲೆಯಲ್ಲಿ ಎರಡು ಕಂಡರೆ 'ಪುಣ್ಯವಂತ' ಎಂದು ಮೀಸೆಯಡಿ ನಗುತ್ತಿದ್ದ ಊರು, ಹೆಣ್ಣಿನ ತಲೆಯಲ್ಲಿ ಅದೇ ಎರಡು ಕಂಡರೆ ಅವಳ ಮೊದಲ ಗಂಡನ ತಿಥಿಗೆ ತರಕಾರಿ ಹೆಚ್ಚಲು ಕೂತುಬಿಡುತ್ತಿತ್ತು. ಆ ಗಂಡ ಇನ್ನೂ ಯಾರೆಂದು ಗೊತ್ತಿಲ್ಲದಿದ್ದರೂ ಅವನ ಸಾವು ಮಾತ್ರ ಖಚಿತ. ಇಂಥ ಊರಿನಲ್ಲಿ, ಇಂಥ ತಲೆ ಹೊತ್ತು, ನಾನು ಮದುವೆಯ ವಯಸ್ಸಿಗೆ ಬಂದೆ. ಅದೂ ಎಲ್ಲಿ? ಸುಳಿ ಎಣಿಸುವುದನ್ನೇ ಕಸುಬು ಮಾಡಿಕೊಂಡಿದ್ದವರ ಮನೆಯಲ್ಲಿ.

ಚಿಕ್ಕಬಳ್ಳಾಪುರಕ್ಕೂ ಶಿಡ್ಲಘಟ್ಟಕ್ಕೂ ನಡುವೆ ಆಗ ಒಂದು ಕುದುರೆ ಫಾರಂ ಇತ್ತು. ಈಗ ಅಲ್ಲಿ ಸೈಟುಗಳಿವೆ. ಓಟದ ಕುದುರೆಯ ಮರಿಗಳು ಬಾಲವೆತ್ತಿ ಕುಣಿದ ಹುಲ್ಲುಗಾವಲಿನಲ್ಲಿ ಕಾರುಗಳು ರಿವರ್ಸ್ ತೆಗೆದುಕೊಳ್ಳುತ್ತಿರುತ್ತವೆ. ಮೊನ್ನೆ ಯಾರೋ ಒಬ್ಬರು ಊರಿನ ಪರಂಪರೆಯ ಬಗ್ಗೆ ಪುಸ್ತಕ ತರುತ್ತೇನೆಂದು ಬಂದು, ಫಾರಮ್ಮಿಗೆ ಯಾವ ಯಾವ ಮಹಾರಾಜರು ಬಂದಿದ್ದರು ಎಂದು ನನ್ನನ್ನು ಕೇಳಿದರು. ಮಹಾರಾಜರು ಬಂದದ್ದು ನನಗೆ ತಿಳಿಯದು, ಲದ್ದಿಗೆ ಗಾಡಿಗಳು ಬರುತ್ತಿದ್ದದ್ದು ಚೆನ್ನಾಗಿ ನೆನಪಿದೆ ಅಂದೆ. ಅವರು ಪೆನ್ನು ಮುಚ್ಚಿ ಜೇಬಿಗಿಟ್ಟರು. ಆದರೆ ನೀವೇ ಹೇಳಿ, ಪರಂಪರೆ ಎಂದರೆ ಮತ್ತೇನು? ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಗಂಡು ಕುದುರೆಗಳು ನಮ್ಮ ಹುರುಳಿ ತಿಂದು ಹಾಕಿದ ಲದ್ದಿ ಸುತ್ತಮುತ್ತಲ ಹಿಪ್ಪುನೇರಳೆ ತೋಟಗಳಿಗೆ ಹೋಗುತ್ತಿತ್ತು. ಆ ಸೊಪ್ಪು ತಿಂದ ಹುಳು ಗೂಡು ಕಟ್ಟುತ್ತಿತ್ತು. ಆ ಗೂಡು ನೂಲಾಗಿ, ಸೀರೆಯಾಗಿ, ಬೆಂಗಳೂರಿನ ರೇಸು ನೋಡಲು ಬರುವ ದೊಡ್ಡ ಮನೆಯ ಹೆಂಗಸರ ಮೈಮೇಲೆ ಕೂರುತ್ತಿತ್ತು. ಅವರು ಬೈನಾಕ್ಯುಲರ್ ಹಿಡಿದು ಕುದುರೆಯನ್ನು ನೋಡುತ್ತಿದ್ದರು, ಕುದುರೆ ತನ್ನದೇ ಉತ್ಪನ್ನವನ್ನು ನೋಡುತ್ತಿತ್ತು.

ನಮ್ಮ ಅಪ್ಪ ಆ ಫಾರಮ್ಮಿನ ರೈಟರ್. ರೈಟರ್ ಕೃಷ್ಣಪ್ಪನವರೆಂದರೆ ಕಥೆ ಕಾದಂಬರಿ ಬರೆಯುವವರಲ್ಲ, ಕುದುರೆಗಳ ವಂಶಾವಳಿಯ ಪುಸ್ತಕ ಬರೆಯುವವರು. ಮರಿ ಹುಟ್ಟಿದೊಡನೆ ಅದರ ತಾಯಿ ಯಾರು, ತಂದೆ ಯಾರು, ಬಣ್ಣವೇನು, ಹಣೆಯ ಬಿಳಿ ಎಲ್ಲಿಂದ ಎಲ್ಲಿಗೆ ಇಳಿದಿದೆ, ಮೈಮೇಲೆ ಎಲ್ಲೆಲ್ಲಿ ಸುಳಿ ಎಂದು ಬರೆಯಬೇಕು. ಎರಡು ಕುದುರೆಗಳ ಬಣ್ಣ ಒಂದೇ ಇರಬಹುದು, ಸುಳಿಗಳು ಒಂದೇ ಇರುವುದಿಲ್ಲ. ಒಂದು ಕುದುರೆಯ ಹೆಸರಿನಲ್ಲಿ ಇನ್ನೊಂದು ಓಡಿಬಿಡಬಾರದೆಂದು ಈ ಲೆಕ್ಕ. ಈ ಪುಸ್ತಕದಲ್ಲಿ ಕೆರೆದು ಅಳಿಸುವಂತಿರಲಿಲ್ಲ. ತಪ್ಪಿದರೆ ತಪ್ಪಿನ ಮೇಲೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಮೇಲೆ ಬರೆದು, ಪಕ್ಕದಲ್ಲಿ ರುಜು ಹಾಕಬೇಕು. ಫಾರಮ್ಮಿನ ನಾಲ್ಕು ಮೈಲಿ ಸುತ್ತಳತೆಯಲ್ಲಿ ಮನುಷ್ಯರ ವಂಶಾವಳಿಗಳನ್ನು ಇಷ್ಟು ಪ್ರಾಮಾಣಿಕವಾಗಿ ಬರೆದಿದ್ದರೆ ಎಷ್ಟು ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲವೋ ದೇವರಿಗೇ ಗೊತ್ತು.

ಅಪ್ಪನ ಪುಸ್ತಕದಲ್ಲಿ ಬರೀ ಗುರುತಾಗಿದ್ದ ಸುಳಿ, ಬೇಲಿಯಾಚೆ ಹಣೆಬರಹವಾಗಿತ್ತು. ಕಣ್ಣಿನ ಕೆಳಗಿದ್ದರೆ ಮನೆಯೊಡತಿ ಅಳುತ್ತಾಳೆ, ಎದೆಯ ಮೇಲಿದ್ದರೆ ಯಜಮಾನ ಉಳಿಯುವುದಿಲ್ಲ, ಇತ್ಯಾದಿ. ಕೆಂಚಿ ಎಂಬ ಹೆಣ್ಣು ಮರಿಯೊಂದಿತ್ತು. ಅದಕ್ಕೆ ಫಾರಮ್ಮಿನ ಯಜಮಾನರು ಇಟ್ಟಿದ್ದ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳದೆ, ಬಣ್ಣ ನೋಡಿ ನಾವೆಲ್ಲ ಕೆಂಚಿ ಎನ್ನುತ್ತಿದ್ದೆವು. ಅದರ ಎದೆಯ ನಟ್ಟನಡುವೆ ನಾಣ್ಯದಗಲದ ಸುಳಿ. ಕೊಳ್ಳಲು ಬಂದವರೆಲ್ಲ ಅದರ ಕಾಲು ಹೊಗಳಿ, ಕತ್ತು ಹೊಗಳಿ, ಎದೆ ನೋಡಿ ಮನೆಗೆ ಹೋಗುತ್ತಿದ್ದರು. ಲಾಯದ ಮೇಸ್ತ್ರಿ ಗೌಸ್ ಸಾಹೇಬರು ಒಮ್ಮೆ, ಆ ಜಾಗದ ಕೂದಲನ್ನು ಕತ್ತರಿಯಿಂದ ಸವರಿಬಿಡೋಣವೇ ಎಂದು ಅಪ್ಪನನ್ನು ಕೇಳಿದರು. "ಕೂದ್ಲು ಕತ್ತರಿಸ್ಬೌದು ಸಾಬ್ರೆ, ಬುಕ್ಕು ಕತ್ತರಿಸಕ್ಕಾಗ್ತದಾ?" ಎಂದು ಅಪ್ಪ ಕೇಳಿದ ಮೇಲೆ ಕತ್ತರಿ ಗೂಟಕ್ಕೆ ಹೋಯಿತು.

ಫಾರಮ್ಮಿನೊಳಗೇ ಇದ್ದ ನಮ್ಮ ಮನೆಯಲ್ಲಿ ಮಾತ್ರ ಕತ್ತರಿಗೆ ಬದಲು ಹೂವಿತ್ತು. ಅಮ್ಮ ನನ್ನ ಜಡೆಯನ್ನು ನೆತ್ತಿಯಿಂದಲೇ ಬಿಗಿದು, ಎರಡು ಸುಳಿಗಳ ಮೇಲೆ ಸರಿಯಾಗಿ ಕನಕಾಂಬರದ ದಂಡೆ ಕೂರಿಸುತ್ತಿದ್ದಳು. ಊರಿನವರು ನನ್ನನ್ನು ಹೂವಿನ ಹುಚ್ಚಿ ಎಂದುಕೊಂಡಿದ್ದರು. ಆದರೂ ಬಚ್ಚಲು, ಬಾವಿಕಟ್ಟೆ ಎಂದು ಹೆಂಗಸರ ಕಣ್ಣಿಗೆ ನೂರು ಕಿಟಕಿ. ಗೌರಿಬಿದನೂರಿನ ಒಂದು ಸಂಬಂಧ, ಚಿಂತಾಮಣಿಯ ಒಂದು ಸಂಬಂಧ, ಎರಡೂ ಉಪ್ಪಿಟ್ಟು ತಿಂದು, ಜಾತಕ ಕೂಡಿಬಂದು, ಆಮೇಲೆ ಯಾರೋ ಹೇಳಿದ್ದನ್ನು ಕೇಳಿ ಸದ್ದಿಲ್ಲದೆ ಸರಿದುಹೋದವು. ನನಗೆ ಇಪ್ಪತ್ತಾಯಿತು. ನಾನೂ ಕೆಂಚಿಯೂ ಹೀಗೆ ಒಂದೇ ಬೇಲಿಯೊಳಗೆ ಉಳಿದೆವು. ಅದಕ್ಕೆ ಹುರುಳಿ, ನನಗೆ ಬೈಗುಳ.

ಆಗ ಬಂದದ್ದು ಶಿಡ್ಲಘಟ್ಟದ ಮುನಿವೆಂಕಟಪ್ಪನವರ ಮನೆಯ ಮಾತು. ಅವರು ರೇಷ್ಮೆ ಹುಳು ಸಾಕುವ ದೊಡ್ಡ ಕುಳ. ಲದ್ದಿಗೆ ಗಾಡಿ ಕಳಿಸುತ್ತಿದ್ದವರಲ್ಲಿ ಮೊದಲಿಗರು. ಅವರ ಮಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಹುಡುಗಿಯ ಜಾತಕದ ಜೊತೆ ನಾಲ್ಕು ಸಾಲು ವಿವರ ಬರೆದು ಕೊಡಿ ಎಂದು ಗಾಡಿಯವನ ಕೈಯಲ್ಲಿ ಹೇಳಿ ಕಳಿಸಿದ್ದರು. ಅದು ಮರಿ ಹಾಕುವ ಕಾಲ. ಆ ವಾರ ಅಪ್ಪ ಒಂಬತ್ತು ಮರಿಗಳ ವಿವರ ಬರೆದಿದ್ದರು. ಅದೇ ಮೇಜಿನ ಮೇಲೆ, ಅದೇ ಶಾಯಿಯಲ್ಲಿ, ಅದೇ ಕೈಯೋಟದಲ್ಲಿ ಹತ್ತನೆಯದಾಗಿ ನನ್ನದನ್ನೂ ಬರೆದು ಗಾಡಿಯವನಿಗೆ ಕೊಟ್ಟುಬಿಟ್ಟರು. ಆ ಕಾಗದ ನನ್ನ ಬಳಿ ಈಗಲೂ ಇದೆ, ಆದ್ದರಿಂದ ಒಂದಕ್ಷರವನ್ನೂ ಕಲ್ಪಿಸಿ ಹೇಳುತ್ತಿಲ್ಲ:

"ಹೆಸರು ನಾಗರತ್ನ. ತಾಯಿ ಲಕ್ಷ್ಮಮ್ಮ, ತಂದೆ ಕೃಷ್ಣಪ್ಪ. ಬಣ್ಣ ಗೋಧಿ. ಕಾಲು ನೇರ, ನಡಿಗೆ ಚುರುಕು. ಹಲ್ಲು ಪೂರ್ತಿ, ಕೆಳದವಡೆಯ ಬಲಗಡೆ ಒಂದು ತುಸು ಓರೆ. ಮೇವು ಚೆನ್ನಾಗಿ. ಸ್ವಭಾವ ಸಾಧು, ಆದರೆ ಹಿಂದಿನಿಂದ ಹೋಗಿ ಗಾಬರಿ ಮಾಡಬಾರದು. ಎಡ ಮೊಣಕಾಲ ಕೆಳಗೆ ಹಳೆಯ ಗಾಯದ ಗುರುತು. ನೆತ್ತಿಯಲ್ಲಿ ಸುಳಿ ಎರಡು, ಗುರುತಿಗೆ ಮಾತ್ರ."

ಸಂಜೆ ಊಟಕ್ಕೆ ಕೂತಾಗ ಅಪ್ಪ ತಾವು ಬರೆದದ್ದನ್ನು ಸಹಜವಾಗಿ ಹೇಳಿದರು. ಅಮ್ಮನ ಕೈಯಲ್ಲಿದ್ದ ಸಾರಿನ ಸೌಟು ಪಾತ್ರೆಗೆ ಬಿತ್ತು. "ಇಷ್ಟ್ ವರ್ಷ ಹೂವಲ್ಲಿ ಮುಚ್ಚಿಟ್ಟಿದ್ದನ್ನ ನೀವು ಶಾಯೀಲಿ ಬರೆದ್ ಕಳಿಸಿದ್ರಾ?" ಅಂದಳು. ಇನ್ನೊಂದು ಕಾಗದ ಬರೆದು, ಮೊದಲಿನದು ಯಾವುದೋ ಕುದುರೆಯದು, ಅದಲುಬದಲಾಯಿತು ಎಂದು ಹೇಳಿ ಕಳಿಸಿ ಎಂದು ಅತ್ತಳು. ಕುದುರೆಯದೆಂದರೆ ನಂಬುವ ಹಾಗೆಯೇ ಇತ್ತಲ್ಲ, ಅದು ಬೇರೆ ಮಾತು. ಅಪ್ಪ ಒಪ್ಪಲಿಲ್ಲ. "ಬುಕ್ಕಲ್ಲಿ ಒಂದ್ ಸುಳ್ಳು ಬರೆದ್ರೆ ಅದು ಮರಿ ಹಾಕ್ತದೆ ಕಣೇ. ಆಮೇಲೆ ಯಾವ್ದು ಯಾರ ಮರಿ ಅಂತ ಯಾರ್ ಹೇಳ್ತಾರೆ?" ಎಂದು ಅನ್ನ ಕಲಸಿಕೊಂಡರು. ನನಗೆ ಅಮ್ಮನ ದುಃಖಕ್ಕಿಂತ ಹೆಚ್ಚಾಗಿ ಅಪ್ಪನ ಮೇಲೆ ಸಿಟ್ಟು ಬಂದಿತ್ತು, ಸುಳಿಗಲ್ಲ, 'ಮೇವು ಚೆನ್ನಾಗಿ' ಎಂಬುದಕ್ಕೆ. ಆದರೂ ಸಿಟ್ಟಿನ ತಳದಲ್ಲಿ ಭಯವಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಮೂರನೆಯದೂ ತಪ್ಪಿದರೆ ನಾಲ್ಕನೆಯದು ಬರುವುದಿಲ್ಲವೆಂದು ಮನೆಯಲ್ಲಿ ಮೂವರಿಗೂ ಗೊತ್ತಿತ್ತು.

ಆ ಕಡೆ ಶಿಡ್ಲಘಟ್ಟದಲ್ಲಿ, ಮುನಿವೆಂಕಟಪ್ಪನವರ ಹೆಂಡತಿ ಕಾಗದ ಓದಿಸಿ ಕೇಳಿ, ತನ್ನ ಮಗನನ್ನು ನುಂಗಲು ಬಂದ ಹೆಣ್ಣೆಂದು ಎದೆ ಬಡಿದುಕೊಂಡರಂತೆ. ಮುನಿವೆಂಕಟಪ್ಪನವರು ಮುಂದಿನ ಸೋಮವಾರ ಬೆಳಿಗ್ಗೆ ಲದ್ದಿಯ ಗಾಡಿಯಲ್ಲೇ ಕೂತು ಫಾರಮ್ಮಿಗೆ ಬಂದಿಳಿದರು. ಅಮ್ಮ ನನಗೆ ತನ್ನ ಮದುವೆಯ ಸೀರೆ ಉಡಿಸಿ, ದಂಡೆಯ ಮೇಲೆ ದಂಡೆ ಇಟ್ಟು, ಕಾಫಿ ಲೋಟ ಕೈಗೆ ಕೊಟ್ಟು ಜಗಲಿಗೆ ತಳ್ಳಿದಳು. ಅವರು ಕಾಫಿ ತೆಗೆದುಕೊಂಡರು, ನನ್ನ ಮುಖ ನೋಡಲಿಲ್ಲ. "ಹುಡುಗೀನ ಆಮೇಲೆ ನೋಡಣ ರೈಟರ್ ಸ್ವಾಮಿ. ಮೊದ್ಲು ನಿಮ್ ಬುಕ್ಕು ತೋರ್ಸಿ" ಅಂದರು.

ಕಾರಣ ಆಮೇಲೆ ತಿಳಿಯಿತು. ಹಿಂದಿನ ವರ್ಷ ಅವರು ಯಾರಿಂದಲೋ ರೇಷ್ಮೆ ಮೊಟ್ಟೆಯ ಹಾಳೆಗಳನ್ನು ತಂದಿದ್ದರು. ತಾಯಿ ಚಿಟ್ಟೆಯನ್ನು ಪರೀಕ್ಷೆ ಮಾಡಿದೆ, ರೋಗವಿಲ್ಲ ಎಂದು ಹಾಳೆಯ ಮೇಲೆ ಚೆಂದವಾಗಿ ಬರೆದಿತ್ತು. ಬರೆದದ್ದು ಸುಳ್ಳು. ಹುಳುಗಳು ಸೊಪ್ಪೆಲ್ಲ ತಿಂದು, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ತಟ್ಟೆ ತಟ್ಟೆಯೇ ಕಪ್ಪಾಗಿ ಸತ್ತವು. ಅಂದಿನಿಂದ ಅವರಿಗೆ ಚೆಂದವಾಗಿ ಬರೆದದ್ದನ್ನು ಕಂಡರೆ ಆಗುತ್ತಿರಲಿಲ್ಲ. ತನ್ನ ಮಗಳ ಓರೆ ಹಲ್ಲನ್ನೂ ಸುಳಿಯನ್ನೂ ತಾನೇ ಬರೆದು ಕಳಿಸಿದವನು ಒಂದೋ ಹುಚ್ಚ, ಇಲ್ಲವೇ ನಂಬತಕ್ಕವನು. ಯಾವುದೆಂದು ತಿಳಿದುಕೊಂಡು ಹೋಗಲು ಬಂದಿದ್ದರು.

ಪುಸ್ತಕ ತೆರೆದು, ಬೆರಳಿಗೆ ಸಿಕ್ಕ ಹಾಳೆಯನ್ನು ಹಿಡಿದು, ಇದನ್ನು ಓದಿ, ಈ ಕುದುರೆಯನ್ನು ಕರೆಸಿ ಅಂದರು. ಸಿಕ್ಕಿದ್ದು ಕೆಂಚಿಯ ಹಾಳೆ. ಗೌಸ್ ಸಾಹೇಬರು ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಅಪ್ಪ ಓದುತ್ತಾ ಹೋದರು: ಹಣೆಯಲ್ಲಿ ಒಂದು, ಕತ್ತಿನ ಆಚೀಚೆ ಒಂದೊಂದು, ಎದೆಯಲ್ಲಿ ಒಂದು, ಪಕ್ಕೆಗಳಲ್ಲಿ ಒಂದೊಂದು, ಒಟ್ಟು ಆರು. ಎದೆಯದನ್ನು ಓದುವಾಗ ಗೌಸ್ ಸಾಹೇಬರು ಬೇಕೆಂದೇ ಜೋರಾಗಿ ಕೆಮ್ಮಿದರು. ಅಪ್ಪ ಎರಡನೆಯ ಸಲ ಓದಿದರು. ಮುನಿವೆಂಕಟಪ್ಪನವರು ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡಿದರು. ಹುಳು ಮುಟ್ಟಿ ಮುಟ್ಟಿ ನುರಿತ ಬೆರಳುಗಳವು, ಕುದುರೆಗೂ ಹಿತವಾಗಿರಬೇಕು, ಕಣ್ಣು ಅರೆಮುಚ್ಚಿ ನಿಂತಿತ್ತು. ಆರೂ ಸಿಕ್ಕವು. ಆಮೇಲೆ ಆ ಬೆರಳುಗಳು ಕತ್ತಿನ ಮೇಲಿನ ಜೂಲಿನೊಳಗೆ ಹೋಗಿ ನಿಂತವು.

"ಇದೇನ್ ಸ್ವಾಮಿ ಇದು?"

ಗೌಸ್ ಸಾಹೇಬರು ಇಣುಕಿ ನೋಡಿ, "ಅದು ಸುಳಿ ಅಲ್ಲ ಬಿಡಿ ಯಜಮಾನ್ರೆ. ಕೂದ್ಲು ಒಂಚೂರು ತಿರುಗೈತೆ, ಅಷ್ಟೆ" ಅಂದರು. ಸುಳಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಇಂದಿಗೂ ಕೇಳಿಲ್ಲ. ಅಪ್ಪ ಕನ್ನಡಕ ಏರಿಸಿ, ಜೂಲು ಸರಿಸಿ, ಅಲ್ಲಿಗೆ ಒದ್ದೆ ಕೈ ಸವರಿ ನೋಡಿದರು. ಅವರ ಮುಖ ಬಿಳಿಚಿಕೊಂಡಿತು. ಮೂರು ವರ್ಷ ಅವರ ಪುಸ್ತಕ ಆರು ಎಂದಿತ್ತು, ಮೂರು ವರ್ಷ ಕೆಂಚಿ ಏಳನ್ನು ಹೊತ್ತು ಓಡಾಡಿತ್ತು. ಇಡೀ ಜನ್ಮದಲ್ಲಿ ಅಪ್ಪನ ಬಳಿ ಹೇಳಿಕೊಳ್ಳುವಂಥ ಆಸ್ತಿಯೆಂದು ಇದ್ದದ್ದು ಆ ಪುಸ್ತಕವೊಂದೇ; ಅದನ್ನೂ ಈ ಮನುಷ್ಯ ಇಷ್ಟು ಸಲೀಸಾಗಿ ಸುಳ್ಳು ಮಾಡಿಬಿಟ್ಟನಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಅಪ್ಪ ಒಳಗೆ ಹೋಗಿ ಶಾಯಿಯ ಸೀಸೆ ತಂದರು. ಅಂಗಳದ ಕಲ್ಲಿನ ಮೇಲೆ ಪುಸ್ತಕವಿಟ್ಟು, ಎಲ್ಲರೆದುರಿಗೆ 'ಆರು' ಎಂಬುದರ ಮೇಲೆ ಗೆರೆ ಎಳೆದು, 'ಏಳು' ಎಂದು ಬರೆದು, ಪಕ್ಕದಲ್ಲಿ ರುಜು ಹಾಕಿದರು. ರುಜು ಸೊಟ್ಟಗಾಯಿತು.

ಬಾಗಿಲಲ್ಲಿ ಅಮ್ಮ ಸೆರಗು ಬಾಯಿಗಿಟ್ಟು ನಿಂತಿದ್ದಳು. ಮುನಿವೆಂಕಟಪ್ಪನವರು ಬಗ್ಗಿ, ಆರದ ಶಾಯಿಯನ್ನೇ ನೋಡುತ್ತಿದ್ದರು. ಅದನ್ನು ನೋಡಲಾರದೆ ನಾನು ಏನು ಮಾಡಿದೆನೆಂದು ಹೇಳಿದರೆ ನೀವು ನಗುತ್ತೀರಿ. ಅಮ್ಮನ ಕನಕಾಂಬರವನ್ನೆಲ್ಲ ಕಿತ್ತು ಕೆಂಚಿಯ ಬಾಯಿಗೆ ಕೊಟ್ಟೆ. ಜಡೆಯ ಬಿಗಿ ಸಡಿಲಿಸಿ, ಆ ಕಲ್ಲಿನ ಮೇಲೆ ಅವರಿಗೆ ಬೆನ್ನು ಮಾಡಿ ಕೂತು, "ನಂದೂ ಎಣಿಸ್ಕೊಂಬಿಡಿ ಮಾವ. ಅದೂ ತಪ್ಪಿದ್ರೆ ಅಪ್ಪ ಒಂದೇ ಸಲ ತಿದ್ದಿಬಿಡ್ಲಿ" ಅಂದೆ. ಮಾವ ಎಂಬ ಮಾತು ಹೇಗೆ ಬಾಯಿಂದ ಬಂತೋ ನನಗೆ ತಿಳಿಯದು. ಹಿಂದಿನಿಂದ ಹೋಗಿ ಗಾಬರಿ ಮಾಡಬಾರದ ಹುಡುಗಿಯ ಹಿಂದೆ ಅವರು ಬಂದು ನಿಂತರು. ಕುದುರೆಯನ್ನು ಮುಟ್ಟಿ ನೋಡಿದವರು ನನ್ನನ್ನು ಮುಟ್ಟಲಿಲ್ಲ, ಬರೀ ಕಣ್ಣಲ್ಲಿ ನೋಡಿ, "ಎರಡು. ಸರಿಯಾಗೈತೆ" ಅಂದರು. ಆಮೇಲೆ ಅಪ್ಪನ ಕಡೆ ತಿರುಗಿದರು. "ತಪ್ಪು ಎಲ್ರೂ ಮಾಡ್ತಾರೆ ರೈಟರ್ ಸ್ವಾಮಿ. ತಪ್ಪಾದ್ರೆ ನಮ್ ಕಡೆ ಹಾಳೇನೇ ಬದಲಾಯಿಸ್ತಾರೆ. ಎದುರಿಗೇ ಗೆರೆ ಹೊಡೆದೋರು ಅಂತ ನಿಮ್ಮೊಬ್ಬರನ್ನೇ ನಾನ್ ನೋಡಿದ್ದು." ಇಷ್ಟು ಹೇಳಿ, ಮನೆಮಾತಿನ ತೆಲುಗಿನಲ್ಲಿ "ಸರೇಲೆಂಡಿ, ಪೆಳ್ಳಿ ಚೇಸೇದ್ದಾಂ" ಎಂದು ಮದುವೆ ಮಾಡೇಬಿಡೋಣವೆಂದು ಒಪ್ಪಿ, ಲದ್ದಿ ತುಂಬಿದ ಗಾಡಿ ಹತ್ತಿ ಹೋದರು.

ಅತ್ತೆ ಒಪ್ಪಿದ್ದು ಸುಲಭಕ್ಕಲ್ಲ. ಮದುವೆಯ ಬೆಳಿಗ್ಗೆ, ಗಂಡಸರು ಯಾರೂ ಇಲ್ಲದಾಗ, ಚಪ್ಪರದ ಬಾಳೆಗಿಡವೊಂದಕ್ಕೆ ನನ್ನಿಂದ ಮೂರು ಸುತ್ತು ಹಾಕಿಸಿ, ಅರಿಶಿನದ ದಾರ ಕಟ್ಟಿಸಿದರು. ಇದು ಮೊದಲನೆಯದು, ನನ್ನ ಮಗ ಎರಡನೆಯವನು, ಲೆಕ್ಕ ಸರಿಹೋಯಿತು ಎಂದು ಉಸಿರು ಬಿಟ್ಟರು. ಮಾರನೆಯ ದಿನ ಚಪ್ಪರ ಬಿಚ್ಚಿದಾಗ ನನ್ನ ಮೊದಲ ಗಂಡನನ್ನು ಪಕ್ಕದ ಮನೆಯ ಮೇಕೆಗಳು ತಿಂದುಹಾಕಿದವು. ನಾನು ಅಳಲಿಲ್ಲ. ನಮ್ಮ ಯಜಮಾನರು ಮಾತ್ರ ಜೀವನಪರ್ಯಂತ, ಸಾರಿಗೆ ಉಪ್ಪು ಹೆಚ್ಚಾದಾಗಲೆಲ್ಲ, "ಮೊದಲನೇವ್ರಿಗೂ ಹಿಂಗೇ ಹಾಕ್ತಿದ್ಯಾ?" ಎಂದು ಕೇಳುತ್ತಿದ್ದರು.

ಕೆಂಚಿಯ ಭವಿಷ್ಯವೂ ಸುಳ್ಳಾಯಿತು. ಸುಳಿಯ ಶಾಸ್ತ್ರ ತಿಳಿಯದ ಬೆಂಗಳೂರಿನ ಯಾರೋ ಅದನ್ನು ಕೊಂಡರು. ನೀವು ಈಗ ಅದು ರೇಸುಗಳನ್ನೆಲ್ಲ ಗೆದ್ದಿತೆಂದು ಹೇಳಲಿ ಎಂದು ಕಾಯುತ್ತಿರಬಹುದು. ಇಲ್ಲ, ಒಂದೂ ಗೆಲ್ಲಲಿಲ್ಲ. ಅದನ್ನು ಏರಿದವರು ಬೀಳಲಿಲ್ಲ, ಕೊಂಡವರು ಸಾಯಲಿಲ್ಲ, ಅದು ನಿಶ್ಚಿಂತೆಯಿಂದ ನಾಲ್ಕನೆಯದೋ ಐದನೆಯದೋ ಆಗಿ ಬಂದು, ಕೊನೆಗೆ ಫಾರಮ್ಮಿಗೇ ಮರಳಿ, ಮರಿಗಳನ್ನು ಹಾಕಿ ಮುದಿಯಾಯಿತು. ಭೀಕರವಾದದ್ದೂ ಆಗದೆ ಅದ್ಭುತವಾದದ್ದೂ ಆಗದೆ ಕಳೆದುಹೋಗುವ ಬಾಳಿಗೆ ಯಾವ ಸುಳಿ ಕಾರಣವೆಂದು ನಮ್ಮ ಶಾಸ್ತ್ರಗಳಲ್ಲಿ ಬರೆದಿಲ್ಲ. ನನ್ನದೂ ಅಂಥದೇ ಬಾಳು, ಮತ್ತು ಅದನ್ನು ನಾನು ಬಹಳ ಪ್ರೀತಿಸಿದೆ. ಐವತ್ತೈದು ವರ್ಷದ ಸಂಸಾರದ ನಂತರ ಯಜಮಾನರು ಹೋದರು. ಹನ್ನೊಂದನೆಯ ದಿನ ದೂರದ ನೆಂಟರೊಬ್ಬರು ನನ್ನ ತೆಳುಗೂದಲ ತಲೆ ನೋಡಿ, 'ಸುಳಿ ಬಿಡಲಿಲ್ಲ ನೋಡು' ಎಂದು ಪಿಸುಗುಟ್ಟಿದ್ದು ನನಗೆ ಕೇಳಿಸಿತು. ಐವತ್ತೈದು ವರ್ಷ ತಡವಾಗಿ ಬಂದ ಸುಳಿಗೆ ಸೋಮಾರಿ ಎನ್ನಬೇಕೇ ಹೊರತು ಕ್ರೂರಿ ಎನ್ನಲಾಗದು. ಆದರೆ ಅವತ್ತು ಈ ಮಾತನ್ನು ಹೇಳಿ ನಗಿಸಲು ಯಜಮಾನರಿರಲಿಲ್ಲ, ಮತ್ತು ನನಗೆ ಹೊಳೆದ ಒಳ್ಳೆಯ ಮಾತುಗಳೆಲ್ಲ ಅಂದಿನಿಂದ ಹೀಗೇ ವ್ಯರ್ಥವಾಗುತ್ತಿವೆ.

ಅಪ್ಪನ ಕಾಗದ ನನ್ನ ಕೈಗೆ ಬಂದದ್ದು ಅತ್ತೆಯ ಪೆಟ್ಟಿಗೆಯಿಂದ. ಪ್ರೀತಿಯಿಂದ ಇಟ್ಟುಕೊಂಡಿದ್ದರೆಂದು ತಿಳಿಯಬೇಡಿ. ನಾಳೆ ಏನಾದರೂ ಆದರೆ ಗಂಡನ ಮುಂದೆ ಹಿಡಿಯಲು ಸಾಕ್ಷಿಯೆಂದು ಇಟ್ಟಿದ್ದರು. ಹೋದ ಭಾನುವಾರ ಮೊಮ್ಮಗಳು ತೆಗೆದ ಫೋಟೋ ನೋಡಿದ ಮೇಲೆ ಆ ಕಾಗದವನ್ನು ತರಿಸಿದೆ. ಕುದುರೆಯ ಜೂಲಿನಡಿಯ ಸುಳಿಯನ್ನು ಹುಡುಕಿದ ಮಾವ ಮಗಳಂಥವಳ ಜಡೆ ಮುಟ್ಟಬಾರದೆಂದು ಸುಮ್ಮನಾಗಿದ್ದರು. ಒಂಬತ್ತು ಮರಿಗಳ ಮೈಮೇಲೆ ಕೈಯಾಡಿಸಿ ಬರೆದ ಅಪ್ಪ ನನ್ನದನ್ನು ನೆನಪಿನಿಂದ ಬರೆದಿದ್ದರು. ಅಪ್ಪ ಇದ್ದಿದ್ದರೆ ಕನ್ನಡಕ ಏರಿಸಿ, ಒದ್ದೆ ಕೈ ಸವರಿ ನೋಡುತ್ತಿದ್ದರು. ಮುಖ ಬಿಳಿಚಿಕೊಳ್ಳುತ್ತಿತ್ತು. ಅವರ ಪರವಾಗಿ ನಾನೇ ಪೆನ್ನು ಹಿಡಿದು 'ಎರಡು' ಎಂಬುದರ ಮೇಲೆ ಗೆರೆ ಎಳೆದೆ, 'ನೆತ್ತಿಯಲ್ಲಿ' ಎಂಬುದರ ಪಕ್ಕಕ್ಕೆ 'ಮತ್ತು ಕತ್ತಿನಲ್ಲಿ' ಸೇರಿಸಿ, ಮೇಲೆ 'ಮೂರು' ಎಂದು ಬರೆದು ರುಜು ಹಾಕಿದೆ. ರುಜು ಸೊಟ್ಟಗಾಯಿತು, ಥೇಟ್ ಅಪ್ಪನದರಂತೆ.

ಮೊಮ್ಮಗಳು ಬೆರಳು ಮಡಿಸಿ ಎಣಿಸಿದಳು. "ಬಾಳೆಗಿಡ ಒಂದು, ತಾತ ಎರಡು. ಹಂಗಾದ್ರೆ ಮೂರನೇವ್ರು ಯಾರಜ್ಜಿ?"

ಪಕ್ಕದಲ್ಲೇ ಬರೆದಿದೆಯಲ್ಲ, ಓದು ಅಂದೆ. ಶಾಯಿ ಮಾಸಿದ ಆ ಎರಡು ಪದಗಳನ್ನು ಅವಳು ಬೆರಳಿಟ್ಟು ಓದಿದಳು: ಗುರುತಿಗೆ ಮಾತ್ರ. ಅದನ್ನು ತಿದ್ದುವ ಅಗತ್ಯ ನನಗೆ ಕಾಣಲಿಲ್ಲ. ಎಣ್ಣೆಯ ಬಟ್ಟಲನ್ನು ಅವಳ ಕೈಗೆ ಕೊಟ್ಟು, ಅವಳಿಗೆ ಬೆನ್ನು ಮಾಡಿ ಕೂತೆ.